ಮೂತಿ ಒಂದೇ, ಒಡಲು ಬೇರೆ

ಮಕ್ಕಳೇ, ಕಂಪ್ಯೂಟರ್ ಇರುವ ಮನೆಯಲ್ಲಿ ಕೇಬಲ್‌ಗಳು ಒಂದಕ್ಕೊಂದು ಸುತ್ತಿಕೊಂಡು ಬಿದ್ದಿರುವ ಡ್ರಾಯರ್ ಒಂದು ಇದ್ದೇ ಇರುತ್ತದೆ. ಅದರಿಂದ ಟೈಪ್-ಸಿ ಮೂತಿಯ ಎರಡು ಕೇಬಲ್ ಬಿಡಿಸಿಕೊಳ್ಳಿ. ಒಂದು ಮೊಬೈಲ್ ಚಾರ್ಜರ್ ಜೊತೆ ಬಂದದ್ದು, ಇನ್ನೊಂದು ಫೋಟೊ, ವಿಡಿಯೊ ಕೂಡಿಡುವ ಎಸ್‌ಎಸ್‌ಡಿ ಜೊತೆ ಬಂದದ್ದು ಎಂದುಕೊಳ್ಳೋಣ. ಎರಡರ ಮೂತಿಯೂ ತದ್ರೂಪು. ಎರಡೂ ಲ್ಯಾಪ್‌ಟಾಪಿನ ಒಂದೇ ಕಿಂಡಿಯಲ್ಲಿ ಸರಿಯಾಗಿ ಕೂರುತ್ತವೆ.

ಈಗ 4 ಗಿಗಾಬೈಟ್ ಗಾತ್ರದ ಒಂದು ಸಿನಿಮಾವನ್ನು ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಡಿಗೆ ಕಳಿಸಿ. ಎಸ್‌ಎಸ್‌ಡಿಯ ಜೊತೆ ಬಂದ ಕೇಬಲ್ ಹಾಕಿದರೆ ಹತ್ತು ಸೆಕೆಂಡಿನೊಳಗೆ ಕೆಲಸ ಮುಗಿಯಬಹುದು. ಮೊಬೈಲಿನ ಕೇಬಲ್ ಹಾಕಿದರೆ ಎರಡು ನಿಮಿಷದ ಹತ್ತಿರ ಕಾಯಬೇಕಾಗಬಹುದು. ಲ್ಯಾಪ್‌ಟಾಪ್ ಅದೇ, ಎಸ್‌ಎಸ್‌ಡಿ ಅದೇ, ಸಿನಿಮಾವೂ ಅದೇ. ಇಂಥ ಹೊತ್ತಿನಲ್ಲಿ ದೊಡ್ಡವರು ‘ಕಂಪ್ಯೂಟರ್ ಹಳೇದಾಯ್ತು’ ಎಂದುಬಿಡುತ್ತಾರೆ. ಪಾಪ, ಕಂಪ್ಯೂಟರಿನ ತಪ್ಪೇನೂ ಇಲ್ಲ. ವ್ಯತ್ಯಾಸ ಇರುವುದು ಕೇಬಲ್ಲಿನ ಒಡಲಿನಲ್ಲಿ. ಬನ್ನಿ, ಒಳಗೇನಿದೆ ನೋಡೋಣ.

ನಾಲ್ಕು ತಂತಿಗಳ ಕಾಲ

1990ರ ದಶಕದ ಆರಂಭದ ಕಂಪ್ಯೂಟರಿನ ಬೆನ್ನು ನೋಡಿದ್ದರೆ ನಿಮಗೆ ತಲೆ ತಿರುಗುತ್ತಿತ್ತು. ಕೀಬೋರ್ಡಿಗೆ ದುಂಡನೆಯ ಕಿಂಡಿ, ಪ್ರಿಂಟರಿಗೆ 25 ತೂತುಗಳ ಉದ್ದನೆಯ ಕಿಂಡಿ, ಮೋಡೆಮ್ಮಿಗೆ ಮತ್ತೊಂದು. ಹೊಸದೇನನ್ನಾದರೂ ಜೋಡಿಸಿದರೆ ಹೆಚ್ಚಿನ ಸಲ ಕಂಪ್ಯೂಟರನ್ನು ಆಫ್ ಮಾಡಿ ಮತ್ತೆ ಆನ್ ಮಾಡಬೇಕಿತ್ತು. ಈ ಗೋಜಲನ್ನು ಬಿಡಿಸಲು ಇಂಟೆಲ್, ಐಬಿಎಂ, ಮೈಕ್ರೋಸಾಫ್ಟ್ ಸೇರಿದಂತೆ ಏಳು ಕಂಪನಿಗಳು ಕೈಜೋಡಿಸಿದವು. 1996ರ ಜನವರಿಯಲ್ಲಿ ಯುಎಸ್‌ಬಿ, ಅಂದರೆ ಯೂನಿವರ್ಸಲ್ ಸೀರಿಯಲ್ ಬಸ್, ಹೊರಬಂತು. ಇಂಟೆಲ್‌ನಲ್ಲಿ ಈ ಕೆಲಸದ ಮುಂದಾಳತ್ವ ವಹಿಸಿದ್ದವರು ಗುಜರಾತಿನ ವಡೋದರಾದಲ್ಲಿ ಹುಟ್ಟಿದ ಅಜಯ್ ಭಟ್.

ಆ ಹಳೆಯ ಚಪ್ಪಟೆ ಮೂತಿ ನಿಮಗೂ ಗೊತ್ತು. ಪೆನ್‌ಡ್ರೈವ್‌ಗಳಲ್ಲಿ ಈಗಲೂ ಇದೆ. ಮೊದಲ ಸಲಕ್ಕೆ ಕೂರುವುದಿಲ್ಲ, ತಿರುಗಿಸಿದರೂ ಕೂರುವುದಿಲ್ಲ, ಮತ್ತೆ ತಿರುಗಿಸಿದರೆ ಕೂರುತ್ತದೆ! ಎರಡೂ ಕಡೆಯಿಂದ ಕೂರುವಂತೆ ಆಗಲೇ ಮಾಡಬಹುದಿತ್ತಲ್ಲ ಎಂದು ಭಟ್ ಅವರನ್ನು ಕೇಳಿದವರಿದ್ದಾರೆ. ಹಾಗೆ ಮಾಡಿದ್ದರೆ ತಂತಿಗಳೂ ಸರ್ಕ್ಯೂಟುಗಳೂ ದುಪ್ಪಟ್ಟಾಗಿ ಬೆಲೆ ಏರುತ್ತಿತ್ತು ಎಂಬುದು ಅವರ ಉತ್ತರ. ಬೆಲೆ ಏರಿದ್ದರೆ ಅದು ಮನೆಮನೆಗೆ ಬರುತ್ತಿತ್ತೇ?

ಆ ಚಪ್ಪಟೆ ಮೂತಿಗೆ ಟೈಪ್-ಎ ಎಂದು ಹೆಸರು. ಯಾವುದಕ್ಕೂ ಸಿಕ್ಕಿಸದ ಟೈಪ್-ಎ ಕೇಬಲ್ಲಿನ ಮೂತಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಹಳೆಯ ಬಗೆಯದಾದರೆ ನಾಲ್ಕು ಚಿನ್ನದ ಬಣ್ಣದ ಪಟ್ಟಿಗಳು ಕಾಣುತ್ತವೆ. ಅಂಚಿನ ಎರಡು ಪಟ್ಟಿಗಳು ನಡುವಿನ ಎರಡಕ್ಕಿಂತ ಕೊಂಚ ಉದ್ದ. ಏಕೆ ಗೊತ್ತೇ? ಅಂಚಿನವು ವಿದ್ಯುತ್ತಿನವು, ನಡುವಿನವು ಮಾಹಿತಿಯವು. ಸಿಕ್ಕಿಸುವಾಗ ಉದ್ದದ ಪಟ್ಟಿಗಳು ಮೊದಲು ತಾಗಿ ವಿದ್ಯುತ್ ಹರಿಯುತ್ತದೆ, ಆಮೇಲೆ ಮಾಹಿತಿಯ ದಾರಿ ತೆರೆಯುತ್ತದೆ. ಈ ಪಟ್ಟಿಗಳಿಗೆ ಅಂಟಿದ ನಾಲ್ಕು ತಂತಿಗಳಿಗೆ ಸಾಮಾನ್ಯವಾಗಿ ಬಣ್ಣವೂ ಗೊತ್ತಾಗಿದೆ. ಕೆಂಪು ತಂತಿಯಲ್ಲಿ 5 ವೋಲ್ಟ್ ಬರುತ್ತದೆ, ಕಪ್ಪು ತಂತಿಯಲ್ಲಿ ವಿದ್ಯುತ್ ಹಿಂದಿರುಗುತ್ತದೆ. ಬಿಳಿ ಮತ್ತು ಹಸಿರು ತಂತಿಗಳು ಮಾಹಿತಿ ಸಾಗಿಸುತ್ತವೆ.

ಒಂದೇ ಕೇಬಲ್ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ ಎಂಬುದನ್ನು ನೆನಪಿಡಿ. ಒಂದು ಕೆಲಸಕ್ಕೆ ಚೆನ್ನಾಗಿರುವ ಕೇಬಲ್ ಇನ್ನೊಂದಕ್ಕೂ ಚೆನ್ನಾಗಿಯೇ ಇರಬೇಕೆಂದಿಲ್ಲ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಬಿಳಿ, ಹಸಿರು ತಂತಿಗಳೇ ಇರುವುದಿಲ್ಲ. ಅವು ಬರೀ ಚಾರ್ಜ್ ಮಾಡುತ್ತವೆ. ಕಂಪ್ಯೂಟರಿಗೆ ಫೋನ್ ಸಿಕ್ಕಿಸಿದಾಗ ಫೋನ್ ಚಾರ್ಜ್ ಆಗುತ್ತಿದ್ದರೂ ಅದರ ಹೆಸರು ಪರದೆಯಲ್ಲಿ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಬೇಕು.

ತೆಳು ತಂತಿ ಕದಿಯುವ ವೋಲ್ಟ್

ಮೊದಲು ಚಾರ್ಜಿಂಗ್ ವಿಷಯಕ್ಕೆ ಬರೋಣ. ತಾಮ್ರ ಒಳ್ಳೆಯ ವಿದ್ಯುತ್ ವಾಹಕ. ಆದರೂ ಅದರಲ್ಲಿ ಸ್ವಲ್ಪ ರೋಧ ಇದ್ದೇ ಇರುತ್ತದೆ. ತಂತಿ ಉದ್ದವಾದಷ್ಟು ರೋಧ ಹೆಚ್ಚು, ದಪ್ಪವಾದಷ್ಟು ಕಡಿಮೆ. ತಂತಿಯ ದಪ್ಪವನ್ನು ಗೇಜ್ ಸಂಖ್ಯೆಯಲ್ಲಿ ಹೇಳುತ್ತಾರೆ. ಇಲ್ಲೊಂದು ತಮಾಷೆ ಇದೆ. ಗೇಜ್ ಸಂಖ್ಯೆ ದೊಡ್ಡದಾದಷ್ಟು ತಂತಿ ತೆಳುವಾಗುತ್ತದೆ. 28 ಗೇಜ್ ತಂತಿಯ ವ್ಯಾಸ ಸುಮಾರು 0.32 ಮಿಲಿಮೀಟರ್, 24 ಗೇಜ್‌ನದು ಸುಮಾರು 0.51 ಮಿಲಿಮೀಟರ್.

ಹೈಸ್ಕೂಲಿನಲ್ಲಿ ನೀವು ಓದುವ, ಈಗಾಗಲೇ ಓದಿರಲೂಬಹುದಾದ ಓಮನ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ: ವಿದ್ಯುತ್ ಪ್ರವಾಹವನ್ನು ರೋಧದಿಂದ ಗುಣಿಸಿದರೆ ತಂತಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತದೆಂದು ತಿಳಿಯುತ್ತದೆ. ಒಂದು ಮೀಟರ್ ಉದ್ದದ 28 ಗೇಜ್ ತಾಮ್ರದ ತಂತಿಯ ರೋಧ ಸುಮಾರು 0.21 ಓಮ್. ವಿದ್ಯುತ್ ಕೆಂಪು ತಂತಿಯಲ್ಲಿ ಹೋಗಿ ಕಪ್ಪಿನಲ್ಲಿ ಮರಳುವುದರಿಂದ ದಾರಿ ಎರಡು ಮೀಟರ್, ರೋಧ 0.42 ಓಮ್. ಅದರಲ್ಲಿ 2 ಆಂಪಿಯರ್ ಹರಿದರೆ 0.84 ವೋಲ್ಟ್ ದಾರಿಯಲ್ಲೇ ಕಳೆಯಿತು. ಚಾರ್ಜರ್ 5 ವೋಲ್ಟ್ ಕೊಟ್ಟರೂ ಫೋನಿಗೆ ತಲುಪುವುದು 4.16 ವೋಲ್ಟ್ ಮಾತ್ರ. ಹೀಗಾದಾಗ ಬಹಳಷ್ಟು ಫೋನುಗಳು ತಾವಾಗಿಯೇ ಕಡಿಮೆ ಪ್ರವಾಹ ಎಳೆದುಕೊಳ್ಳತೊಡಗುತ್ತವೆ. ಚಾರ್ಜ್ ಆಮೆಗತಿಯಾಗುತ್ತದೆ.

ಅದೇ ಉದ್ದದ 24 ಗೇಜ್ ತಂತಿ ಹಾಕಿ ಲೆಕ್ಕ ಮಾಡಿ. ರೋಧ ಮೀಟರಿಗೆ ಸುಮಾರು 0.084 ಓಮ್. ಕಳೆಯುವುದು 0.34 ವೋಲ್ಟ್ ಅಷ್ಟೇ, ಫೋನಿಗೆ 4.66 ವೋಲ್ಟ್ ತಲುಪುತ್ತದೆ. ಹಾಗಾದರೆ ಮೊದಲ ಕೇಬಲ್ಲಿನಲ್ಲಿ ಕಳೆದುಹೋದ ಶಕ್ತಿ ಎಲ್ಲಿಗೆ ಹೋಯಿತು? ಅದು ಶಾಖವಾಗಿ ಹೋಯಿತು. ಚಾರ್ಜ್ ಆಗುವಾಗ ಕೇಬಲ್ ಬೆಚ್ಚಗಾಗುವುದಕ್ಕೆ ಇದೇ ಕಾರಣ.

ಇನ್ನೊಂದು ಮಾತು. ಹೊರಗಿನ ರಬ್ಬರ್ ಅಥವಾ ನೂಲಿನ ಹೊದಿಕೆ ದಪ್ಪಗಿದ್ದ ಮಾತ್ರಕ್ಕೆ ಒಳಗಿನ ತಾಮ್ರವೂ ದಪ್ಪಗಿದೆ ಎಂದು ನಂಬಬೇಡಿ. ಕೆಲವು ಕೇಬಲ್‌ಗಳ ಮೈಮೇಲೆ ಗೇಜ್ ಸಂಖ್ಯೆಯನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದನ್ನು ಹುಡುಕಿ ಓದಿ.

ಹೆಣೆದ ಜೋಡಿ, ಎರಡು ಸೆಂಟಿಮೀಟರಿನ ಬಿಟ್

ಇನ್ನು ಮಾಹಿತಿಯ ವಿಷಯ. ಕಂಪ್ಯೂಟರಿಗೆ ನಿಮ್ಮ ಫೋಟೊ, ಹಾಡು, ಹೋಂವರ್ಕ್ ಎಲ್ಲವೂ ಸೊನ್ನೆ ಮತ್ತು ಒಂದುಗಳ ಸಾಲು. ಪ್ರತಿಯೊಂದು ಸೊನ್ನೆ ಅಥವಾ ಒಂದಕ್ಕೆ ಬಿಟ್ ಎಂದು ಹೆಸರು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಕೇಬಲ್ಲಿನ ವೇಗವನ್ನು ಬಿಟ್‌ನಲ್ಲಿ, ಫೈಲಿನ ಗಾತ್ರವನ್ನು ಬೈಟ್‌ನಲ್ಲಿ ಹೇಳುವುದರಿಂದ ಲೆಕ್ಕ ಮಾಡುವಾಗ ಎಂಟರಿಂದ ಗುಣಿಸುವುದನ್ನು ಮರೆಯಬಾರದು.

ಮಾಹಿತಿಯ ಎರಡು ತಂತಿಗಳನ್ನು ಒಂದರ ಸುತ್ತ ಒಂದು ಹೆಣೆದಿರುತ್ತಾರೆ. ಈ ಉಪಾಯ ಹೊಸದಲ್ಲ. ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಪಕ್ಕದಲ್ಲಿ ಮಿಕ್ಸಿ ತಿರುಗಿದರೂ, ಫ್ಯಾನ್ ಓಡಿದರೂ ತಂತಿಯಲ್ಲಿ ಬೇಡದ ವಿದ್ಯುತ್ ಗದ್ದಲ ಹುಟ್ಟಿಕೊಳ್ಳಬಹುದು. ಅದಕ್ಕೆ ಕಂಪ್ಯೂಟರ್ ಒಂದು ತಂತಿಯಲ್ಲಿ ಸಂಕೇತವನ್ನು, ಜೊತೆಯ ತಂತಿಯಲ್ಲಿ ಅದರ ತದ್ವಿರುದ್ಧ ಸಂಕೇತವನ್ನು ಕಳಿಸುತ್ತದೆ. ಆ ತುದಿಯಲ್ಲಿ ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ತಕ್ಕಡಿಯ ಎರಡೂ ತಟ್ಟೆಗಳ ಮೇಲೆ ಸಮಸಮ ಧೂಳು ಬಿದ್ದರೆ ಮುಳ್ಳು ಅಲುಗುವುದಿಲ್ಲ, ಅಲ್ಲವೇ? ಹಾಗೆಯೇ ಹೆಣೆದ ಜೋಡಿಯ ಎರಡೂ ತಂತಿಗಳಿಗೆ ಗದ್ದಲ ಹೆಚ್ಚುಕಡಿಮೆ ಸಮನಾಗಿ ತಗಲುತ್ತದೆ. ಹಾಗಾಗಿ ವ್ಯತ್ಯಾಸ ಬದಲಾಗುವುದಿಲ್ಲ, ಮಾಹಿತಿ ಕೆಡುವುದಿಲ್ಲ.

ಯುಎಸ್‌ಬಿಯ ವೇಗ ಬೆಳೆದ ಬಗೆ ಸ್ವಾರಸ್ಯಕರ. 1996ರಲ್ಲಿ ಅತಿ ಹೆಚ್ಚೆಂದರೆ ಸೆಕೆಂಡಿಗೆ 12 ಮೆಗಾಬಿಟ್. 2000ದಲ್ಲಿ ಬಂದ ಯುಎಸ್‌ಬಿ 2.0ದಲ್ಲಿ 480 ಮೆಗಾಬಿಟ್. 2008ರ ಯುಎಸ್‌ಬಿ 3.0ದಲ್ಲಿ 5 ಗಿಗಾಬಿಟ್, ಅಂದರೆ ಹತ್ತು ಪಟ್ಟಿಗಿಂತ ಹೆಚ್ಚು. ಈ ನೆಗೆತಕ್ಕೆ ಹಳೆಯ ಒಂದು ಜೋಡಿ ಸಾಲಲಿಲ್ಲ. ಕಳಿಸಲು ಒಂದು, ತರಿಸಿಕೊಳ್ಳಲು ಒಂದು ಎಂದು ಎರಡು ಹೊಸ ಜೋಡಿಗಳನ್ನು ಸೇರಿಸಿದರು. ಟೈಪ್-ಎ ಮೂತಿಯೊಳಗೆ ನಾಲ್ಕು ಪಟ್ಟಿಗಳ ಹಿಂದೆ ಇನ್ನೂ ಐದು ಕಂಡರೆ ಅದು ಯುಎಸ್‌ಬಿ 3ರ ಕೇಬಲ್. ಒಳಗಿನ ಪ್ಲಾಸ್ಟಿಕ್ ಹೆಚ್ಚಾಗಿ ನೀಲಿ ಬಣ್ಣದ್ದಿರುತ್ತದೆ. ಮುಂದೆ ವೇಗ 10, 20, 40 ಗಿಗಾಬಿಟ್ ದಾಟಿ 2022ರಲ್ಲಿ 80 ಗಿಗಾಬಿಟ್ ಮುಟ್ಟಿತು.

ವೇಗ ಹೆಚ್ಚಾದಂತೆ ಕೇಬಲ್ ಗಿಡ್ಡವಾಗಬೇಕಾಗುತ್ತದೆ. ವಿದ್ಯುತ್ ಸಂಕೇತ ಕೇಬಲ್ಲಿನಲ್ಲಿ ಬೆಳಕಿನ ವೇಗದ ಸುಮಾರು ಮೂರನೇ ಎರಡು ಪಾಲಿನಷ್ಟು ವೇಗದಲ್ಲಿ ಓಡುತ್ತದೆ. ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ ಸುಮಾರು 20 ಸೆಂಟಿಮೀಟರ್ ದೂರ! ಸೆಕೆಂಡಿಗೆ 10 ಗಿಗಾಬಿಟ್ ಕಳಿಸುವಾಗ ಒಂದು ಬಿಟ್ ಹೊರಟು ಎರಡು ಸೆಂಟಿಮೀಟರ್ ಹೋಗುವಷ್ಟರಲ್ಲಿ ಮುಂದಿನದು ಹೊರಟಿರುತ್ತದೆ. ಅಂದರೆ ಒಂದು ಮೀಟರ್ ಕೇಬಲ್ಲಿನಲ್ಲಿ ಒಂದೇ ಕ್ಷಣಕ್ಕೆ ಸುಮಾರು ಐವತ್ತು ಬಿಟ್‌ಗಳು ಸಾಲಾಗಿ ಓಡುತ್ತಿರುತ್ತವೆ. ಇಷ್ಟು ಚುರುಕಾಗಿ ಬದಲಾಗುವ ಸಂಕೇತ ತಾಮ್ರದಲ್ಲಿ ಬೇಗ ಮಸುಕಾಗುತ್ತದೆ. ದೂರ ಹೋದಷ್ಟೂ ಸೊನ್ನೆ ಯಾವುದು, ಒಂದು ಯಾವುದು ಎಂದು ಗುರುತಿಸುವುದು ಕಷ್ಟ. ಅದಕ್ಕೇ ಪ್ರಿಂಟರಿನ ಯುಎಸ್‌ಬಿ 2.0 ಕೇಬಲ್ 5 ಮೀಟರ್ ಇರಬಹುದು, ಆದರೆ 10 ಗಿಗಾಬಿಟ್ ಕೇಬಲ್ ಸಾಮಾನ್ಯವಾಗಿ ಒಂದು ಮೀಟರ್ ಮೀರುವುದಿಲ್ಲ. 40 ಗಿಗಾಬಿಟ್‌ನ ಸಾಮಾನ್ಯ ತಾಮ್ರದ ಕೇಬಲ್ 80 ಸೆಂಟಿಮೀಟರಿನ ಆಸುಪಾಸಿನಲ್ಲೇ ಇರುತ್ತದೆ. ಇದಕ್ಕಿಂತ ಉದ್ದ ಬೇಕಾದರೆ ಸಂಕೇತಕ್ಕೆ ಬಲ ತುಂಬುವ ಚಿಪ್ ಇರುವ ದುಬಾರಿ ಕೇಬಲ್ ಬೇಕು.

24 ಪಿನ್ನುಗಳ ಮೂತಿ

2014ರಲ್ಲಿ ಟೈಪ್-ಸಿ ಬಂತು. ಹೇಗೆ ತಿರುಗಿಸಿದರೂ ಕೂರುವ ಈ ಪುಟ್ಟ ಮೂತಿಯಲ್ಲಿ 24 ಪಿನ್ನುಗಳಿಗೆ ಜಾಗವಿದೆ. ಜಾಗವಿದೆ ಎಂದೆ, ಪ್ರತಿ ಕೇಬಲ್ಲಿನಲ್ಲೂ ಅಷ್ಟು ತಂತಿಗಳಿರುತ್ತವೆ ಎನ್ನಲಿಲ್ಲ! ಮುಖ್ಯವಾಗಿ ಚಾರ್ಜಿಂಗಿಗೆಂದು ಮಾಡಿದ ಟೈಪ್-ಸಿ ಕೇಬಲ್ಲಿನಲ್ಲಿ ಐದಾರು ತಂತಿಗಳಿದ್ದರೆ ಸಾಕು. ಅದರಲ್ಲಿ ಮಾಹಿತಿಗೆ ಹಳೆಯ ಯುಎಸ್‌ಬಿ 2.0ದ ಒಂದೇ ಜೋಡಿ. ಪೂರ್ಣ ಸಾಮರ್ಥ್ಯದ ಕೇಬಲ್ಲಿನಲ್ಲಿ ಹದಿನೈದಕ್ಕೂ ಹೆಚ್ಚು ತಂತಿಗಳಿರುತ್ತವೆ. ನಮ್ಮ ಸಿನಿಮಾ ಎರಡು ನಿಮಿಷ ತೆಗೆದುಕೊಂಡದ್ದು ಇದೇ ಕಾರಣಕ್ಕೆ. 2023ರ ಐಫೋನ್ 15 ಪ್ರೊ ಸೆಕೆಂಡಿಗೆ 10 ಗಿಗಾಬಿಟ್ ಕಳಿಸಬಲ್ಲದು. ಆದರೆ ಪೆಟ್ಟಿಗೆಯಲ್ಲಿ ಅದರ ಜೊತೆ ಬಂದ ಕೇಬಲ್ 480 ಮೆಗಾಬಿಟ್‌ನದು!

ಟೈಪ್-ಸಿಯ ಚಾರ್ಜರ್ ಮತ್ತು ಲ್ಯಾಪ್‌ಟಾಪ್ ಪರಸ್ಪರ ಮಾತಾಡಿಕೊಂಡೇ ವಿದ್ಯುತ್ ಕೊಡುವುದು, ಪಡೆಯುವುದು ಮಾಡುತ್ತವೆ. ಇದಕ್ಕಾಗಿಯೇ ಕೇಬಲ್ಲಿನಲ್ಲಿ ಒಂದು ತಂತಿ ಮೀಸಲಾಗಿದೆ. ಏನೂ ಸಿಕ್ಕಿಸದಿದ್ದಾಗ ಟೈಪ್-ಸಿ ಚಾರ್ಜರಿನ ಕಿಂಡಿಯಲ್ಲಿ ವಿದ್ಯುತ್ ಇರುವುದಿಲ್ಲ. ಸಿಕ್ಕಿಸಿದ ಮೇಲೆ ಮೊದಲು 5 ವೋಲ್ಟ್ ಬರುತ್ತದೆ. ಆಮೇಲೆ ಚಾರ್ಜರ್ ತಾನು 9, 15, 20 ವೋಲ್ಟ್‌ಗಳಲ್ಲಿ ಯಾವುದನ್ನೆಲ್ಲ ಕೊಡಬಲ್ಲೆ ಎಂದು ತಿಳಿಸುತ್ತದೆ. ಲ್ಯಾಪ್‌ಟಾಪ್ ತನಗೆ ಬೇಕಾದದ್ದನ್ನು ಕೇಳಿ ಪಡೆಯುತ್ತದೆ.

ವೋಲ್ಟ್ ಏರಿಸುವುದೇಕೆ? ಲ್ಯಾಪ್‌ಟಾಪಿಗೆ 60 ವಾಟ್ ಬೇಕು ಎನ್ನಿ. 5 ವೋಲ್ಟ್‌ನಲ್ಲೇ ಕೊಟ್ಟರೆ 12 ಆಂಪಿಯರ್ ಹರಿಯಬೇಕು, 20 ವೋಲ್ಟ್‌ನಲ್ಲಿ 3 ಆಂಪಿಯರ್ ಸಾಕು. ತಂತಿಯಲ್ಲಿ ಪೋಲಾಗುವ ಶಾಖ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪ್ರವಾಹ ನಾಲ್ಕು ಪಟ್ಟು ತಗ್ಗಿದರೆ ಪೋಲು ಹದಿನಾರು ಪಟ್ಟು ತಗ್ಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದಾಗಲೂ ಇದೇ ಲೆಕ್ಕ ಹಾಕಿ, ವೋಲ್ಟೇಜನ್ನು ಸಾವಿರಗಟ್ಟಲೆ ಏರಿಸಿಯೇ ಕಳಿಸಿದ್ದು. ನಿಮ್ಮ ಮೇಜಿನ ಮೇಲಿನ ಒಂದು ಮೀಟರ್ ಕೇಬಲ್ಲಿಗೂ ಅದೇ ಭೌತವಿಜ್ಞಾನ.

ನಿಯಮದ ಪ್ರಕಾರ ಎರಡೂ ತುದಿಯಲ್ಲಿ ಟೈಪ್-ಸಿ ಇರುವ ಪ್ರತಿ ಕೇಬಲ್ಲೂ 3 ಆಂಪಿಯರ್ ತಡೆದುಕೊಳ್ಳಬೇಕು. 20 ವೋಲ್ಟ್‌ನಲ್ಲಿ ಅದು 60 ವಾಟ್. ಅದಕ್ಕಿಂತ ಹೆಚ್ಚಿಗೆ, 5 ಆಂಪಿಯರ್‌ವರೆಗೆ ಸಾಗಿಸುವ ಕೇಬಲ್ಲಿನ ಮೂತಿಯೊಳಗೆ ಅದರ ಶಕ್ತಿ ಎಷ್ಟೆಂದು ಹೇಳುವ ಪುಟ್ಟ ಚಿಪ್ ಇರಬೇಕು. ಚಿಪ್ ಕಾಣದಿದ್ದರೆ ಚಾರ್ಜರ್ 3 ಆಂಪಿಯರ್ ದಾಟುವುದಿಲ್ಲ. ನಿಮ್ಮ ಮನೆಯ ಲ್ಯಾಪ್‌ಟಾಪಿನ ಚಾರ್ಜರ್ 65 ವಾಟ್‌ನದೇ? ಅದಕ್ಕೆ 3.25 ಆಂಪಿಯರ್ ಬೇಕು. ಸಾಮಾನ್ಯ ಕೇಬಲ್ ಹಾಕಿದರೆ ಆ ಕೊನೆಯ ಐದು ವಾಟ್ ಸಿಗುವುದಿಲ್ಲ.

ಕೆಟ್ಟ ಕೇಬಲ್ ಏನು ಮಾಡೀತು?

ಗೂಗಲ್‌ನ ಇಂಜಿನಿಯರ್ ಬೆನ್ಸನ್ ಲ್ಯೂಂಗ್ 2015ರಿಂದ ಮಾರುಕಟ್ಟೆಯ ಟೈಪ್-ಸಿ ಕೇಬಲ್‌ಗಳನ್ನು ಕೊಂಡು ಒಂದೊಂದಾಗಿ ಪರೀಕ್ಷಿಸುತ್ತಿದ್ದರು. 2016ರ ಫೆಬ್ರವರಿಯಲ್ಲಿ ಒಂದು ಅಗ್ಗದ ಕೇಬಲ್ ಸಿಕ್ಕಿಸಿದ್ದೇ ತಡ, ಅವರ ಲ್ಯಾಪ್‌ಟಾಪ್ ಕೆಟ್ಟುಹೋಯಿತು. ಜೊತೆಗಿದ್ದ ಪರೀಕ್ಷಾ ಉಪಕರಣಗಳೂ ಹಾಳಾದವು. ಕೇಬಲ್ಲನ್ನು ಪರೀಕ್ಷಿಸಿ ನೋಡಿದರೆ 5 ವೋಲ್ಟ್‌ನ ತಂತಿ ಮತ್ತು ವಿದ್ಯುತ್ ಹಿಂದಿರುಗುವ ತಂತಿ ಅದಲುಬದಲಾಗಿದ್ದವು. ವೇಗದ ಮಾಹಿತಿಗೆ ಬೇಕಾದ ತಂತಿಗಳು ಇರಲೇ ಇಲ್ಲ. ಒಂದು ತುದಿಯಲ್ಲಿ ಟೈಪ್-ಎ, ಇನ್ನೊಂದರಲ್ಲಿ ಟೈಪ್-ಸಿ ಇರುವ ಕೇಬಲ್ಲಿನಲ್ಲಿ 56 ಕಿಲೋಓಮ್‌ನ ಒಂದು ಪುಟ್ಟ ರೋಧಕ ಇರಬೇಕು. ‘ಇದು ಹಳೆಯ ಕಿಂಡಿ, ಹೆಚ್ಚು ಎಳೆಯಬೇಡ’ ಎಂದು ಫೋನಿಗೆ ತಿಳಿಸುವುದು ಅದರ ಕೆಲಸ. ಅಲ್ಲಿ 10 ಕಿಲೋಓಮ್‌ನದನ್ನು ಕೂರಿಸಿದ್ದರು. ಆಗ ಫೋನ್ 3 ಆಂಪಿಯರ್ ಸಿಗುತ್ತದೆಂದು ನಂಬಿ, ಅಷ್ಟನ್ನು ಕೊಡಲಾರದ ಕಿಂಡಿಯಿಂದ ಎಳೆಯಲು ಹೋಗುತ್ತದೆ.

ಯಾವುದಕ್ಕೆ ಯಾವುದು?

ಕೀಬೋರ್ಡ್, ಮೌಸ್, ಪ್ರಿಂಟರಿಗೆ ಯುಎಸ್‌ಬಿ 2.0 ಕೇಬಲ್ ಧಾರಾಳವಾಗಿ ಸಾಕು. ತಟ್ಟೆ ತಿರುಗುವ ಹಳೆಯ ಬಗೆಯ ಹಾರ್ಡ್‌ಡಿಸ್ಕಿಗೆ 5 ಗಿಗಾಬಿಟ್ ಕೇಬಲ್ ಸಾಕು, ಡಿಸ್ಕೇ ಅಷ್ಟು ವೇಗವಾಗಿ ಓದಲಾರದು. ಎಸ್‌ಎಸ್‌ಡಿಗೆ 10 ಗಿಗಾಬಿಟ್‌ನದು ಒಳ್ಳೆಯದು. ಮಾನಿಟರನ್ನು ಟೈಪ್-ಸಿ ಮೂಲಕ ಜೋಡಿಸಬೇಕಾದರೆ ಪೂರ್ಣ ಸಾಮರ್ಥ್ಯದ ಕೇಬಲ್ಲೇ ಬೇಕು. ಚಾರ್ಜಿಂಗ್ ಕೇಬಲ್ ಹಾಕಿದರೆ ಚಿತ್ರ ಬರುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜ್ ಮಾಡಲು ಚಾರ್ಜರಿನ ಮೇಲಿನ ವಾಟ್ ಸಂಖ್ಯೆ ನೋಡಿ. 60ರ ಒಳಗಿದ್ದರೆ ಸಾಮಾನ್ಯ ಕೇಬಲ್, ಮೇಲಿದ್ದರೆ 240 ವಾಟ್ ಎಂದು ಬರೆದ ಕೇಬಲ್ ಕೊಳ್ಳಿ. 240 ವಾಟ್ ಎಂದಾಕ್ಷಣ ಅದು ಮಾಹಿತಿಯಲ್ಲೂ ಚುರುಕು ಎಂದುಕೊಳ್ಳಬೇಡಿ. ಅಂಥ ಉದ್ದನೆಯ ಚಾರ್ಜಿಂಗ್ ಕೇಬಲ್‌ಗಳಲ್ಲಿ ಹಲವು 480 ಮೆಗಾಬಿಟ್‌ನವೇ.

ಕಂಪ್ಯೂಟರಿನ ಕಿಂಡಿ, ಕೇಬಲ್, ಸಾಧನ ಈ ಮೂರರಲ್ಲಿ ಯಾವುದು ನಿಧಾನವೋ ಅದರದೇ ವೇಗ ಎಲ್ಲಕ್ಕೂ. ಕಿಂಡಿಯೇ ಹಳೆಯದಾಗಿದ್ದರೆ ದುಬಾರಿ ಕೇಬಲ್ ತಂದು ಪ್ರಯೋಜನವಿಲ್ಲ. ಚಾರ್ಜರ್ ಕೊಳ್ಳುವಾಗ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯ ಜೊತೆ ಬಿಐಎಸ್ ಗುರುತು ಇದೆಯೇ ನೋಡಿ. ನಮ್ಮ ದೇಶದಲ್ಲಿ ಮಾರುವ ಮೊಬೈಲ್ ಮತ್ತು ಲ್ಯಾಪ್‌ಟಾಪ್ ಚಾರ್ಜರುಗಳಿಗೆ ಅದು ಕಡ್ಡಾಯ.

ನೀವೇ ಮಾಡಿ ನೋಡಿ

ಮನೆಯ ಪ್ರತಿ ಕೇಬಲ್ಲಿನಿಂದಲೂ ಒಂದೇ ದೊಡ್ಡ ಫೈಲನ್ನು ಒಂದೇ ಎಸ್‌ಎಸ್‌ಡಿಗೆ ಕಳಿಸಿ, ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಫೈಲಿನ ಗಾತ್ರವನ್ನು ಎಂಟರಿಂದ ಗುಣಿಸಿ ಸೆಕೆಂಡಿನಿಂದ ಭಾಗಿಸಿದರೆ ವೇಗ ಸಿಗುತ್ತದೆ. ಕೇಬಲ್ಲಿಗೆ ಚೀಟಿ ಅಂಟಿಸಿ ‘ಬರೀ ಚಾರ್ಜಿಂಗ್’, ‘ನಿಧಾನ’, ‘ವೇಗ’ ಎಂದು ಬರೆದಿಡಿ. ಮನೆಯವರೆಲ್ಲ ನಿಮಗೆ ಋಣಿಯಾಗುತ್ತಾರೆ. ಪೂರ್ತಿ ಕೆಟ್ಟ ಹಳೆಯ ಕೇಬಲ್ ಇದ್ದರೆ, ಎರಡೂ ತುದಿ ಯಾವುದಕ್ಕೂ ಸಿಕ್ಕಿಸಿಲ್ಲ ಎಂದು ನೋಡಿಕೊಂಡು, ದೊಡ್ಡವರ ಕೈಯಲ್ಲಿ ಕತ್ತರಿಸಿ ಒಳಗಿನ ತಂತಿಗಳನ್ನು ಎಣಿಸಿ. ಚಾರ್ಜರನ್ನು ಮಾತ್ರ ಎಂದೂ ಬಿಚ್ಚಬಾರದು. ಅದರೊಳಗೆ 230 ವೋಲ್ಟ್ ಬರುತ್ತದೆ, ಪ್ಲಗ್ ತೆಗೆದ ಮೇಲೂ ಕೆಲ ಹೊತ್ತು ವಿದ್ಯುತ್ ಉಳಿದಿರಬಹುದು. ಕೇಬಲ್ ತೆಗೆಯುವಾಗ ತಂತಿ ಹಿಡಿದು ಎಳೆಯದೆ ಮೂತಿ ಹಿಡಿದು ತೆಗೆಯಿರಿ. ಹೊದಿಕೆ ಹರಿದು ತಾಮ್ರ ಇಣುಕುತ್ತಿರುವ ಕೇಬಲ್ಲಿಗೆ ಟೇಪ್ ಸುತ್ತಿ ಬಳಸುವುದು ಬೇಡ, ಅದನ್ನು ಇ-ತ್ಯಾಜ್ಯಕ್ಕೆ ಕೊಡಿ.

ಇನ್ನು ಮುಂದೆ ಅಪ್ಪ, ಅಮ್ಮನ ಜೊತೆ ಕೇಬಲ್ ಕೊಳ್ಳಲು ಅಂಗಡಿಗೆ ಹೋದಾಗ ಬೆಲೆ ಕೇಳುವ ಮುಂಚೆ ಮೂರು ಪ್ರಶ್ನೆ ಕೇಳಿ: ಎಷ್ಟು ವಾಟ್? ಎಷ್ಟು ಗಿಗಾಬಿಟ್? ಎಷ್ಟು ಮೀಟರ್? ಈ ಮೂರಕ್ಕೂ ಉತ್ತರ ಪೆಟ್ಟಿಗೆಯ ಮೇಲೂ ಇಲ್ಲ, ಅಂಗಡಿಯವರ ಬಳಿಯೂ ಇಲ್ಲ ಎಂದಾದರೆ, ಆ ಕೇಬಲ್ ಎಷ್ಟೇ ಅಗ್ಗವಾಗಿರಲಿ, ಅಲ್ಲೇ ಬಿಟ್ಟು ಬನ್ನಿ.